ಪದ ಗೊತ್ತು, ಪದದ ನೆಂಟರಿಷ್ಟರು ಗೊತ್ತಿಲ್ಲ

ಪ್ರಶ್ನೆ: ನನ್ನ ತವರು ತೀರ್ಥಹಳ್ಳಿ ಕಡೆ. ಮದುವೆಯಾದ ಮೇಲೆ ಏಳು ವರ್ಷದಿಂದ ಜಪಾನಿನ ಕವಾಸಾಕಿಯಲ್ಲಿದ್ದೇನೆ. ನಮ್ಮವರು ಜಪಾನಿನವರೇ, ಎಂಜಿನಿಯರ್. ಮನೆಯಲ್ಲಿ ನಮ್ಮ ಮಾತೆಲ್ಲ ಜಪಾನಿಯಲ್ಲೇ. ಒಂದೂವರೆ ವರ್ಷದಲ್ಲಿ ಇವರನ್ನು ಬೆಂಗಳೂರಿಗೆ ಕಳಿಸುವ ಮಾತು ಕಂಪನಿಯಲ್ಲಿ ನಡೆದಿದೆ. ನನಗಂತೂ ಊರು ಹತ್ತಿರವಾಗುತ್ತದೆಂಬ ಖುಷಿ. ಇವರಿಗೆ ಇಂಗ್ಲಿಷಿನದೇ ಚಿಂತೆ.

ಕಲಿತಿಲ್ಲ ಅಂತಲ್ಲ. ಶಾಲೆಯಿಂದ ಇಲ್ಲಿಯವರೆಗೆ ಪದಗಳ ಪುಸ್ತಕ ಉರು ಹೊಡೆದವರು. ಕೆಂಪಕ್ಷರದಲ್ಲಿ ಅಚ್ಚಾದ ಅರ್ಥದ ಮೇಲೆ ಕೆಂಪು ಪ್ಲಾಸ್ಟಿಕ್ ಹಾಳೆ ಇಟ್ಟು, ಮುಚ್ಚಿ ತೆಗೆದು ಮುಚ್ಚಿ ತೆಗೆದು ಆರು ಸಾವಿರ ಪದ ಕಲಿತಿದ್ದಾರೆ. ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 745 ಬಂದಿದೆ. ಆದರೆ ಭಾನುವಾರ ನಮ್ಮಪ್ಪ ಫೋನ್ ಮಾಡಿದರೆ ಇವರ ಬಾಯಿ ಕಟ್ಟಿಹೋಗುತ್ತದೆ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಅಳಿಯನ ಜೊತೆ ಇಂಗ್ಲಿಷಿನಲ್ಲಿ ಹರಟಬೇಕೆಂದು ಅವರಿಗೆ ಬಹಳ ಆಸೆ. ಹೋದ ಯುಗಾದಿಗೆ ಇವರು, ಊರಿಗೆ ಬರುವ ಸಂಭ್ರಮದಲ್ಲಿ, ‘ಮೈ ಟೆನ್ಷನ್ ಈಸ್ ವೆರಿ ಹೈ’ ಅಂದರು. ಅಪ್ಪ ಗಾಬರಿಯಾಗಿ ಬಿ.ಪಿ. ಮಾತ್ರೆಯ ಹೆಸರು ಹೇಳತೊಡಗಿದರು! ಅದಕ್ಕೂ ಮುಂಚೆ ‘ವಿ ಲಿವ್ ಇನ್ ಎ ಮ್ಯಾನ್ಷನ್’ ಅಂದದ್ದಕ್ಕೆ ಮಗಳು ಬಂಗಲೆಯಲ್ಲಿದ್ದಾಳೆಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದರು. ನಮ್ಮದು ಎರಡು ರೂಮಿನ ಫ್ಲಾಟು.

ಈಗ ಸಹೋದ್ಯೋಗಿ ಯಾರೋ ಹೇಳಿದರೆಂದು ಪದದ ಕಾರ್ಡುಗಳನ್ನೆಲ್ಲ ಕಟ್ಟಿಟ್ಟು, ಮಕ್ಕಳ ಇಂಗ್ಲಿಷ್ ಪುಸ್ತಕ ಓದಲು ಶುರುಮಾಡಿದ್ದಾರೆ. ಕಪ್ಪೆಗಳ ಕತೆ! ನಲವತ್ತು ದಾಟುತ್ತಿರುವ ಮನುಷ್ಯ. ಅತ್ತೆ ನಗುತ್ತಾರೆ. ಮೊನ್ನೆ ನನಗೂ ತಡೆಯಲಾಗದೆ, ಇರುವ ಒಂದೂವರೆ ವರ್ಷವನ್ನೂ ಕಪ್ಪೆಗೆ ಬರೆದುಕೊಡುತ್ತೀರಾ ಎಂದುಬಿಟ್ಟೆ. ಅಂದಿನಿಂದ ನನ್ನೆದುರು ಪುಸ್ತಕ ತೆಗೆಯುವುದಿಲ್ಲ. ತಪ್ಪು ತಿದ್ದಿದರೂ ಸುಮ್ಮನಾಗಿಬಿಡುತ್ತಾರೆ. ಇದು ಸಮಯ ಹಾಳಲ್ಲವೇ? ದುಡ್ಡು ಹೋದರೆ ಹೋಗಲಿ ಎಂದು ಮಾತಾಡಲು ಕಲಿಸುವ ಕ್ಲಾಸಿಗೆ ಸೇರಿಸಲೇ?

– ಹೆಸರು ಬೇಡ, ಕವಾಸಾಕಿ

ಉತ್ತರ: ಬಿ.ಪಿ. ಮಾತ್ರೆಯ ಸಾಲಿಗೆ ಬಂದಾಗ ನಕ್ಕುಬಿಟ್ಟೆ, ಕ್ಷಮಿಸಿ. ನಿಮ್ಮ ಅಪ್ಪನ ಮೇಲೆ ನನಗಾಗಲೇ ಪ್ರೀತಿ ಹುಟ್ಟಿದೆ.

ಕೇಳಿದ್ದಕ್ಕೆ ಮೊದಲು ಉತ್ತರ. ಸಮಯ ಹಾಳಾಗುತ್ತಿಲ್ಲ. ಕಪ್ಪೆಯ ಪುಸ್ತಕ ಓದಲಿ, ಕ್ಲಾಸಿಗೆ ಈಗಲೇ ದುಡ್ಡು ಕಟ್ಟಬೇಡಿ. ಆರೇಳು ತಿಂಗಳು ಕಳೆದ ಮೇಲೆ ಬೇಕಾದರೆ ಕಟ್ಟಿ, ಆಗ ಆ ದುಡ್ಡಿಗೆ ಬೆಲೆ ಬರುತ್ತದೆ. ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣವಿದೆ. ಕೆಲಸದ ಮೇಲೆ ಬೆಂಗಳೂರಿಗೆ ಬರುತ್ತಿದ್ದ ಜಪಾನಿ ಎಂಜಿನಿಯರುಗಳಿಗೆ ಹನ್ನೊಂದು ವರ್ಷ ಇಂಗ್ಲಿಷ್ ಹೇಳಿಕೊಟ್ಟವಳು ನಾನು. ಮೊದಲ ನಾಲ್ಕು ವರ್ಷ ನಾನೂ ಪದಪಟ್ಟಿ ಕೊಟ್ಟು ಅವರ ಜೀವ ತಿಂದಿದ್ದೇನೆ.

ಅವರಲ್ಲೊಬ್ಬರ ವಿಷಯ ಹೇಳುತ್ತೇನೆ. ಶಿಸ್ತಿನ ಮನುಷ್ಯ, ಕೊಟ್ಟ ಪಟ್ಟಿಯನ್ನು ಮಾರನೇ ದಿನ ಒಪ್ಪಿಸುತ್ತಿದ್ದರು. ಒಮ್ಮೆ ಬಿಡಿಭಾಗ ಪೂರೈಸುವವರಿಗೆ ಮೇಲ್ ಬರೆದರು: ‘ಪ್ಲೀಸ್ ಟೀಚ್ ಮೀ ಯುವರ್ ಫೋನ್ ನಂಬರ್.’ ಫೋನ್ ನಂಬರನ್ನು ಪಾಠ ಮಾಡುವುದು ಹೇಗೆಂದು ಆ ಕಡೆಯವರು ತಲೆ ಕೆರೆದುಕೊಂಡರಂತೆ. ತಪ್ಪು ಎಲ್ಲಾಯಿತೆಂದು ನಿಮಗೆ ಆಗಲೇ ಹೊಳೆದಿರುತ್ತದೆ. ಜಪಾನಿಯ ‘ಓಶಿಯೆರು’ ಎಂಬ ಕ್ರಿಯಾಪದ ಪಾಠ ಹೇಳುವುದಕ್ಕೂ ಆಗುತ್ತದೆ, ವಿಳಾಸ ತಿಳಿಸುವುದಕ್ಕೂ ಆಗುತ್ತದೆ. ಪದಪುಸ್ತಕದಲ್ಲಿ ಓಶಿಯೆರುವಿನ ಎದುರು ‘ಟೀಚ್’ ಎಂದಿತ್ತು. ಅವರು ಸಾಲದ ಚೀಟಿಯಂತೆ ಅದನ್ನೇ ಹಿಡಿದುಕೊಂಡಿದ್ದರು. ನಾನು ತಿದ್ದಿದೆ. ಮುಂದಿನ ತಿಂಗಳು ಮತ್ತೆ ಅದೇ. ಮತ್ತೆ ತಿದ್ದಿದೆ. ಆಮೇಲೆ ತಿದ್ದುವುದು ಬಿಟ್ಟು, ಸುಲಭದ ಕತೆಪುಸ್ತಕಗಳ ಒಂದು ಚೀಲ ಕೊಟ್ಟೆ. ಹತ್ತು ತಿಂಗಳ ಮೇಲೆ ಒಂದು ದಿನ ಅವರ ಮೇಲ್‌ನಲ್ಲಿ ‘ಲೆಟ್ ಮೀ ನೋ’ ಎಂದು ಸರಾಗವಾಗಿ ಬಂದಿತ್ತು. ಎಲ್ಲಿ ಕಲಿತಿರಿ ಎಂದೆ. ಮೇಲ್‌ನ ಆ ಸಾಲನ್ನು ತಾವೇ ಇನ್ನೊಮ್ಮೆ ಓದಿ, ಇದನ್ನು ನಾನು ಕಲಿತ ನೆನಪೇ ಇಲ್ಲವಲ್ಲ ಎಂದರು. ನನ್ನ ಪಟ್ಟಿಗಳಿಗೆ ಅದು ಕೊನೆಯ ದಿನ.

ನಿಮ್ಮ ಯಜಮಾನರಿಗೆ ಪದಗಳ ಬಡತನ ಇಲ್ಲವೇ ಇಲ್ಲ. ಅವರಿಗೆ ಆರು ಸಾವಿರ ಪದಗಳ ಮುಖಪರಿಚಯವಿದೆ, ಅವುಗಳ ಮನೆತನದ ಪರಿಚಯವಿಲ್ಲ. ಮದುವೆ ಮನೆಯಲ್ಲಿ ಹೆಣ್ಣನ್ನು ನೋಡಿ ಬಂದ ವರನ ಹಾಗೆ. ಅವಳ ಚಿಕ್ಕಪ್ಪ ಯಾರು, ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಯಾರನ್ನು ಕಂಡರೆ ಸಲಿಗೆ ಎಂಬುದೊಂದೂ ಗೊತ್ತಿಲ್ಲ. ಟೀ ವಿಷಯವನ್ನೇ ನೋಡಿ. ಜಪಾನಿನವರು ಕಡು ಚಹಾಕ್ಕೆ ‘ಕೊಯ್’ ಎನ್ನುತ್ತಾರೆ, ಅಂದರೆ ದಟ್ಟ. ನಮ್ಮ ಕಡೆ ಗಟ್ಟಿ ಚಾ. ಇಂಗ್ಲಿಷಿನವರಿಗೆ ಅದು ‘ಸ್ಟ್ರಾಂಗ್’. ಇನ್ನು ಮಳೆ. ಜಪಾನಿಯಲ್ಲಿ ‘ತ್ಸುಯೊಯ್ ಆಮೆ’, ಬಲವಾದ ಮಳೆ. ತೀರ್ಥಹಳ್ಳಿಯಲ್ಲಿ ಜೋರು ಮಳೆ. ಇಂಗ್ಲಿಷಿನಲ್ಲಿ ಗಾಳಿ ‘ಸ್ಟ್ರಾಂಗ್’, ಆದರೆ ಅದೇ ಗಾಳಿಯ ಜೊತೆ ಬಂದ ಮಳೆ ‘ಹೆವಿ’. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ, ಅವರವರ ನೆಂಟಸ್ತನ ಹಾಗಿದೆ. ಜಪಾನಿಯಲ್ಲಿ ಮಾತ್ರೆಯನ್ನೂ ‘ಕುಡಿಯುತ್ತಾರೆ’, ಇಂಗ್ಲಿಷಿನಲ್ಲಿ ‘ತಗೊಳ್ಳಬೇಕು’. ಜಪಾನಿನವರೂ ನಮ್ಮ ಹಾಗೆ ಕನಸನ್ನು ಕಾಣುವವರೇ, ‘ಯುಮೆ ಒ ಮಿರು’. ಇಂಗ್ಲಿಷಿನವರಿಗೆ ಕನಸು ಕಾಣುವ ವಸ್ತುವಲ್ಲ, ಇರುವ ವಸ್ತು, ‘ಹ್ಯಾವ್’ ಮಾಡುತ್ತಾರೆ. ಕೆಂಪು ಹಾಳೆಯ ಕೆಳಗೆ ಇದು ಯಾವುದೂ ಸಿಗುವುದಿಲ್ಲ. ಅಲ್ಲಿ ಸಿಗುವುದು ಒಂದು ಪದ, ಎದುರಿಗೊಂದು ಅರ್ಥ.

ಇದರ ಮೇಲೆ, ಆಗಲೇ ಜಪಾನಿಗೆ ಬಂದು ಅಲ್ಲಿಯ ಅಳಿಯಂದಿರಾಗಿಬಿಟ್ಟ ಇಂಗ್ಲಿಷ್ ಪದಗಳ ಕಾಟ ಬೇರೆ. ಅಲ್ಲಿ ‘ತೆನ್ಶೊನ್’ ಏರಿದರೆ ಹುರುಪು ಬಂತೆಂದು ಅರ್ಥ. ನಮ್ಮಲ್ಲಿ ‘ಟೆನ್ಷನ್’ ಆದರೆ ನಿದ್ದೆ ಹೋಯಿತೆಂದು ಅರ್ಥ. ಒಂದೇ ಇಂಗ್ಲಿಷ್ ಪದ ಎರಡು ದೇಶಕ್ಕೆ ಹೋಗಿ ಎರಡು ಬಗೆಯಾಗಿ ಬೆಳೆದು, ನಿಮ್ಮ ಮನೆಯ ಫೋನಿನಲ್ಲಿ ಮುಖಾಮುಖಿಯಾಯಿತು. ಹಾಗೆ ನೋಡಿದರೆ ನಿಮ್ಮ ಅಪ್ಪನ ತಪ್ಪೂ ಅಷ್ಟೇ ಇದೆ. ‘ಮಾನ್ಶೊನ್’ ಅಂದರೆ ಜಪಾನಿನಲ್ಲಿ ಕಾಂಕ್ರೀಟಿನ ಅಪಾರ್ಟ್‌ಮೆಂಟು. ‘ಸುಮಾತೊ’, ಅಂದರೆ ಸ್ಮಾರ್ಟ್, ತೆಳ್ಳಗಿರುವವರಿಗೆ. ‘ಕನ್ನಿಂಗು’ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದಕ್ಕೆ. ಇಂಥವನ್ನು ಪಟ್ಟಿಮಾಡಿ ಕೊಟ್ಟರೆ ಓದುವಾಗ ತಮಾಷೆಯಾಗಿರುತ್ತದೆ, ಮಾತಾಡುವಾಗ ಹಳೆಯದೇ ಬಾಯಿಗೆ ಬರುತ್ತದೆ. ಕತೆಯಲ್ಲಿ ಒಬ್ಬ ಸಿರಿವಂತ ಮುದುಕನ ಮ್ಯಾನ್ಷನ್ನಿಗೆ ಹುಡುಗರು ಕದ್ದು ನುಗ್ಗಿ, ಇಪ್ಪತ್ತು ಕೋಣೆಗಳಲ್ಲಿ ದಾರಿ ತಪ್ಪಿದರೆ, ಆ ಪದದ ಅಳತೆ ಮರೆಯಲು ಸಾಧ್ಯವಿಲ್ಲ.

ಇನ್ನೊಂದು ತೊಡಕು ಕನ್ನಡದವರಾದ ನಿಮಗೆ ಬೇಗ ಅರ್ಥವಾಗುತ್ತದೆ. ‘ನಾನು ನಿನ್ನೆ ಕೊಂಡ ಪುಸ್ತಕ’ ಎನ್ನುವುದನ್ನು ಜಪಾನಿಯಲ್ಲಿ ಹೇಳಿ ನೋಡಿ: ‘ವತಾಶಿ ಗ ಕಿನೋ ಕತ್ತ ಹೋನ್.’ ಪದಕ್ಕೆ ಪದ ಅದೇ ಸಾಲು. ಕ್ರಿಯಾಪದ ಕೊನೆಗೆ, ವಿಶೇಷಣ ಮೊದಲಿಗೆ. ಇಂಗ್ಲಿಷಿನಲ್ಲಿ ಪುಸ್ತಕ ಮುಂದೆ ನಿಂತು, ಕೊಂಡವರು ಯಾವಾಗ ಕೊಂಡರು ಎಂಬ ಕತೆ ಹಿಂದೆ ಬಾಲದಂತೆ ಬರುತ್ತದೆ. ಜಪಾನಿನ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಓದಿಗೆ ‘ಯಾಕುದೋಕು’ ಎಂದು ಹೆಸರು. ಅನುವಾದಿಸಿ ಓದುವುದು. ಹಳೆಯ ಚೀನೀ ಗ್ರಂಥಗಳನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡು, ಮುಂದೆ ಹೋಗಿ ಹಿಂದೆ ಬಂದು, ಜಪಾನಿ ಸಾಲಿಗೆ ತಿರುಗಿಸಿ ಓದುತ್ತಿದ್ದ ವಿದ್ವಾಂಸರ ಅಭ್ಯಾಸವೇ ಇಂಗ್ಲಿಷಿಗೂ ಇಳಿದು ಬಂತು. ಕಣ್ಣು ವಾಕ್ಯದ ತುದಿಗೆ ಓಡಿ, ಅಲ್ಲಿಂದ ಹಿಮ್ಮುಖವಾಗಿ ನಡೆದು ಬರಬೇಕು. ಟೋಯಿಕ್‌ನ ಓದಿನ ಭಾಗದಲ್ಲಿ 75 ನಿಮಿಷಕ್ಕೆ 100 ಪ್ರಶ್ನೆ. ಹಿಂದೆ ಮುಂದೆ ನಡೆಯುವವರಿಗೆ ಕೊನೆಯ ಪುಟಗಳು ಮುಟ್ಟುವುದೇ ಇಲ್ಲ. ಫೋನಿನಲ್ಲಂತೂ ಹಿಂದಕ್ಕೆ ನಡೆಯಲು ಜಾಗವೇ ಇಲ್ಲ. ನಿಮ್ಮ ಅಪ್ಪ ಹೇಳಿದ ವಾಕ್ಯ ಆಗಲೇ ಗಾಳಿಗೆ ಹೋಗಿರುತ್ತದೆ. ಬಾಯಿ ಕಟ್ಟುವುದು ಇದರಿಂದ, ನಾಚಿಕೆಯಿಂದಲ್ಲ. ಕಪ್ಪೆಯ ಕತೆಯ ವಾಕ್ಯ ಎಷ್ಟು ಚಿಕ್ಕದೆಂದರೆ ಹಿಂದಕ್ಕೆ ನಡೆಯುವ ಮೊದಲೇ ಮುಗಿದಿರುತ್ತದೆ. ಎಡದಿಂದ ಬಲಕ್ಕೆ, ಬಂದ ಹಾಗೆ ಅರ್ಥ ಮಾಡಿಕೊಳ್ಳುವ ಅಭ್ಯಾಸ ಇಂಥ ಪುಸ್ತಕದಿಂದಲ್ಲದೆ ಬರಲಾರದು.

ಮಕ್ಕಳ ಪುಸ್ತಕ ಎಂಬ ನಾಚಿಕೆಗೆ ಬರೋಣ. ನಿಮ್ಮ ಅತ್ತೆಗೆ ಹೇಳಲು ಒಂದು ಹೆಸರು ಕೊಡುತ್ತೇನೆ: ನತ್ಸುಮೆ ಸೋಸೆಕಿ. ಒಂದು ಕಾಲಕ್ಕೆ ಸಾವಿರ ಯೆನ್ ನೋಟಿನ ಮೇಲಿದ್ದ ಮುಖ. ಕಾದಂಬರಿಕಾರರಾಗುವ ಮೊದಲು ಅವರು ಇಂಗ್ಲಿಷ್ ಮೇಷ್ಟ್ರು. ಮತ್ಸುಯಾಮದಲ್ಲಿ, ಕುಮಾಮೊತೊದಲ್ಲಿ ಕಲಿಸಿ, 1900ರಲ್ಲಿ ಲಂಡನ್ನಿಗೆ ಹೋಗಿ ಬಂದು, ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಒಂದು ಮಟ್ಟಕ್ಕೆ ಇಂಗ್ಲಿಷ್ ಬಂದ ತರುಣರು ನಿಘಂಟು ಬದಿಗಿಟ್ಟು, ತಿಳಿಯದ್ದನ್ನು ದಾಟಿಕೊಂಡು, ರಾಶಿ ರಾಶಿ ಓದಿಬಿಡಬೇಕೆಂದು ಅವರು 1906ರಲ್ಲೇ ಬರೆದರು. ನೂರು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಆ ಮಾತು ಬೇರೆ.

ಮಿತಪದಗಳಲ್ಲಿ ಕತೆಯನ್ನು ಹೊಸದಾಗಿ ಬರೆದು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪುಸ್ತಕಗಳಿವೆಯಲ್ಲ, ಅವು ಬೆಳೆದದ್ದಂತೂ ನಮ್ಮ ಕಡೆಯೇ. 1920ರ ದಶಕದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷಿನವರು, ಬಂಗಾಳಿ ಹುಡುಗರ ಪಠ್ಯದಲ್ಲಿ ಅಪರೂಪದ ಪದಗಳು ಕಿಕ್ಕಿರಿದಿರುವುದನ್ನು ಕಂಡು, ಅವನ್ನೆಲ್ಲ ತೆಗೆದು ದಿನಬಳಕೆಯ ಪದ ಹಾಕಿ, ಹೊಸ ಪದ ಬಂದರೆ ಅದು ಮತ್ತೆ ಮತ್ತೆ ಎದುರಾಗುವ ಹಾಗೆ ಕತೆ ಬರೆದರು. ಅದೇ ಹೊತ್ತಿಗೆ, 1922ರಲ್ಲಿ, ಹೆರಾಲ್ಡ್ ಪಾಮರ್ ಎಂಬ ಇನ್ನೊಬ್ಬರು ಟೋಕಿಯೋಗೆ ಬಂದು, ಮರುವರ್ಷ ಇಂಗ್ಲಿಷ್ ಬೋಧನೆಯ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಕ್ಯೂಶೂವಿನ ಓಯಿತಾದಲ್ಲಿ ಪಾಠ ಮಾಡುತ್ತಿದ್ದ ಎ.ಎಸ್. ಹಾರ್ನ್‌ಬಿ ಮುಂದೆ ಅವರ ಜೊತೆ ಸೇರಿದರು. ಟೀಚ್ ಮಾಡುವುದು ಯಾವುದನ್ನು, ಹೆವಿ ಆಗುವುದು ಯಾವುದು ಎಂಬ ಜಪಾನಿ ಹುಡುಗರ ಕಷ್ಟವನ್ನು ದಿನವೂ ನೋಡುತ್ತಿದ್ದವರು, ಇಬ್ಬರು ಜೊತೆಗಾರರೊಂದಿಗೆ ಬಳಕೆಯನ್ನೇ ಮುಖ್ಯವಾಗಿಟ್ಟು ಒಂದು ನಿಘಂಟು ಮಾಡಿದರು. 1942ರಲ್ಲಿ, ಯುದ್ಧದ ನಡುವೆ, ಅದು ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನೇ ಹೊರತಂದರು. ನಿಮ್ಮ ಅಪ್ಪನ ಮೇಜಿನ ಮೇಲೆ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಇದ್ದೇ ಇರುತ್ತದೆ, ಹೈಸ್ಕೂಲ್ ಮೇಷ್ಟ್ರಲ್ಲವೇ? ಅದರ ಅಜ್ಜಿಮನೆ ಜಪಾನು. ಅಳಿಯನಿಗೆ ಇದನ್ನು ಹೇಳಿ, ನೆಂಟಸ್ತನ ಇನ್ನೂ ಗಟ್ಟಿಯಾದೀತು.

ನಿಮ್ಮ ಯಜಮಾನರಿಗೆ ಸಹೋದ್ಯೋಗಿ ಹೇಳಿದ ವಿಧಾನಕ್ಕೆ ಅಲ್ಲಿ ‘ತದೋಕು’ ಎನ್ನುತ್ತಾರೆ, ಬಹಳ ಓದುವುದು ಎಂದು. (ಕೊಂಡು ಪೇರಿಸಿಟ್ಟು ಓದದೇ ಇರುವುದಕ್ಕೆ ‘ತ್ಸುಂದೋಕು’. ಅದರಲ್ಲಿ ನಾನೂ ಪಂಡಿತೆ.) ಟೋಕಿಯೋದ ಅಧ್ಯಾಪಕ ಸಾಕಾಯ್ ಕುನಿಹಿದೆ 2002ರಲ್ಲಿ ಬರೆದ ಪುಸ್ತಕದಿಂದ ಇದು ಊರೂರಿಗೆ ಹಬ್ಬಿತು. ಅವರ ನಿಯಮ ಮೂರೇ. ನಿಘಂಟು ನೋಡಬೇಡ, ತಿಳಿಯದಿದ್ದರೆ ದಾಟು, ಬೇಜಾರಾದರೆ ಆ ಪುಸ್ತಕ ಬಿಟ್ಟು ಇನ್ನೊಂದು ತಗೋ. ಗುರಿ ಹತ್ತು ಲಕ್ಷ ಪದ, ಅವರ ಲೆಕ್ಕದಲ್ಲಿ ‘ಹ್ಯಾಕು ಮಾನ್’.

ಕೇಳಿದರೆ ಎದೆ ಒಡೆಯುವ ಸಂಖ್ಯೆ. ನಿಮ್ಮವರು ರೈಲಿನಲ್ಲಿ ಆಫೀಸಿಗೆ ಹೋಗುವವರೆಂದು ಭಾವಿಸಿ ಲೆಕ್ಕ ಹಾಕಿ ನೋಡೋಣ. ಹೋಗುವಾಗ 20 ನಿಮಿಷ, ಬರುವಾಗ 20. ಸುಲಭದ ಪುಸ್ತಕವಾದರೆ ನಿಮಿಷಕ್ಕೆ 100 ಪದ ಸಾಗುತ್ತದೆ. ದಿನಕ್ಕೆ 4,000. ವರ್ಷಕ್ಕೆ 250 ದಿನ ಆಫೀಸು ಎಂದಿಟ್ಟುಕೊಂಡರೆ ಹತ್ತು ಲಕ್ಷ ಸರಿಯಾಗಿ ಮುಗಿಯಿತು. ಬೆಂಗಳೂರಿನ ವಿಮಾನ ಹತ್ತಲು ಆಗ ಇನ್ನೂ ಆರು ತಿಂಗಳಿರುತ್ತದೆ. ನಿಮ್ಮ ಮನೆಯ ಒಂದು ನಿಮಿಷವೂ ಇದಕ್ಕೆ ಬೇಡ. ಸುತ್ತ ಕೂತವರು ನೋಡುತ್ತಾರೆಂಬ ಸಂಕೋಚವೇ? ಅದಕ್ಕೂ ಜಪಾನಿನಲ್ಲೇ ಮದ್ದಿದೆ. ಪುಸ್ತಕದಂಗಡಿಯಲ್ಲಿ ಕೇಳಿದರೆ ಕಾಗದದ ಹೊದಿಕೆ ಹಾಕಿ ಕೊಡುತ್ತಾರೆ. ಒಳಗೆ ಕಪ್ಪೆಯಿದೆಯೋ ಕಾನೂನಿದೆಯೋ ಪಕ್ಕದವರಿಗೆ ತಿಳಿಯುವುದಿಲ್ಲ.

ಪುಸ್ತಕ ಆರಿಸುವುದರಲ್ಲೇ ಎಲ್ಲ ಇರುವುದು. ನ್ಯೂಜಿಲೆಂಡಿನ ಪಾಲ್ ನೇಷನ್ ಎಂಬ ವಿದ್ವಾಂಸರು ಪದಗಳ ಲೆಕ್ಕಕ್ಕೆ ಆಯುಷ್ಯ ಕೊಟ್ಟವರು. ಯಾರ ನೆರವೂ ಇಲ್ಲದೆ ಆರಾಮವಾಗಿ ಓದಬೇಕಾದರೆ ನೂರಕ್ಕೆ 98 ಪದ ಗೊತ್ತಿರಬೇಕು, ಅಂದರೆ ಐವತ್ತಕ್ಕೆ ಒಂದು ಮಾತ್ರ ಅಪರಿಚಿತ. ದೊಡ್ಡವರ ಕಾದಂಬರಿಯಲ್ಲಿ ಈ ನೆಮ್ಮದಿ ಸಿಗಬೇಕಾದರೆ ಎಂಟು ಒಂಬತ್ತು ಸಾವಿರ ಪದಕುಟುಂಬಗಳ (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು) ಪರಿಚಯ ಬೇಕೆಂದು ಅವರ ಲೆಕ್ಕ. ನಿಮ್ಮವರ ಆರು ಸಾವಿರ, ಅದೂ ಮುಖಪರಿಚಯದ ಆರು ಸಾವಿರ, ಅಲ್ಲಿಗೆ ಸಾಲದು. ಈಗಲೇ ದಪ್ಪ ಕಾದಂಬರಿ ಹಿಡಿದರೆ ಮೂರನೇ ಪುಟಕ್ಕೆ ಯಾಕುದೋಕು ವಾಪಸು ಬರುತ್ತದೆ. ಕಪ್ಪೆಯೇ ಸರಿ.

ಅಂದಹಾಗೆ ಆ ಕಪ್ಪೆಗಳು ಆರ್ನಾಲ್ಡ್ ಲೋಬೆಲ್ 1970ರಲ್ಲಿ ಬರೆದ ‘ಫ್ರಾಗ್ ಅಂಡ್ ಟೋಡ್’ ಜೋಡಿಯೇ ಇರಬೇಕೆಂದು ನನ್ನ ಊಹೆ. ಹೌದಾದರೆ ನಿಮ್ಮ ಅತ್ತೆ ನಗುವಂತಿಲ್ಲ. ತನಗೆ ಯಾರೂ ಕಾಗದ ಬರೆಯುವುದಿಲ್ಲವೆಂದು ಕೊರಗುವ ಗೆಳೆಯನಿಗೆ ಕಪ್ಪೆ ಕಾಗದ ಬರೆದು, ಅದನ್ನು ಬಸವನಹುಳುವಿನ ಕೈಯಲ್ಲಿ ಕೊಟ್ಟು ಕಳಿಸುತ್ತದಲ್ಲ, ಆ ಕತೆ ‘ಓತೆಗಾಮಿ’ ಎಂಬ ಹೆಸರಿನಲ್ಲಿ ಜಪಾನಿನ ಪ್ರಾಥಮಿಕ ಶಾಲೆಯ ಪಠ್ಯಗಳಲ್ಲಿದೆ. ಅವರ ಮಗನೇ ಬಾಲ್ಯದಲ್ಲಿ ಅದನ್ನು ಗಟ್ಟಿಯಾಗಿ ಓದಿರಬಹುದು. ಗೊತ್ತಿರುವ ಕತೆಯನ್ನು ಗೊತ್ತಿಲ್ಲದ ಭಾಷೆಯಲ್ಲಿ ಓದುವುದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮುಂದೇನಾಗುತ್ತದೆ ಎಂಬ ಭಯವಿಲ್ಲದ್ದರಿಂದ ಗಮನವೆಲ್ಲ ಹೇಳುವ ರೀತಿಯ ಮೇಲಿರುತ್ತದೆ. ಹಾಗಾಗಿ ನಿಮ್ಮವರು ಹಿಂದೆ ಓದಿದ ಮಂಗಾ ಚಿತ್ರಕತೆಯ ಇಂಗ್ಲಿಷ್ ಅನುವಾದ ಸಿಕ್ಕಿದರೆ ತಂದುಕೊಡಿ. ‘ಯೊತ್ಸುಬಾ’ದಂಥ ಮನೆಮಾತಿನ ಮಂಗಾ ಆದರೆ ಅಡುಗೆಮನೆ, ಅಂಗಡಿ, ಅಕ್ಕಪಕ್ಕದ ಮನೆಯ ಮಾತೆಲ್ಲ ಚಿತ್ರದ ಜೊತೆಗೇ ಸಿಗುತ್ತದೆ. ಆಮೇಲೆ ಆಕ್ಸ್‌ಫರ್ಡ್ ಬುಕ್‌ವರ್ಮ್ಸ್, ಪೆಂಗ್ವಿನ್ ರೀಡರ್ಸ್ ಥರದ ಮೆಟ್ಟಿಲು ಪುಸ್ತಕಗಳು. ಅದಾದ ಮೇಲೆ ರೋಲ್ಡ್ ಡಾಲ್. ಹೊಸದನ್ನೇ ಕೊಳ್ಳಬೇಕೆಂದಿಲ್ಲ. ನಿಮ್ಮ ಕಡೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಮೊದಲು ವಿಚಾರಿಸಿ, ಶನಿವಾರ ಟೋಕಿಯೋದ ಜಿಂಬೋಚೋದ ಹಳೇ ಪುಸ್ತಕದ ಬೀದಿಗೆ ಇಬ್ಬರೂ ಹೋಗಿ ಬನ್ನಿ.

ಇನ್ನು ನನ್ನ ತಕರಾರುಗಳು. ಸಾಕಾಯ್ ಅವರ ಮೂರು ನಿಯಮಗಳಲ್ಲಿ ಮೂರನೆಯದು ಬಂಗಾರ. ಜಪಾನಿನವರಿಗೆ ಅದೇ ಬಹಳ ಕಷ್ಟ, ಶುರುಮಾಡಿದ್ದನ್ನು ನಡುವೆ ಬಿಡುವುದು ಅವರಿಗೆ ಅಪರಾಧದಂತೆ. ನೀವು ಒತ್ತಾಯಿಸಿಯಾದರೂ ಬಿಡಿಸಿ. ಮೊದಲನೆಯದನ್ನು ಮಾತ್ರ ನಾನು ಅಷ್ಟು ಕಟ್ಟುನಿಟ್ಟಾಗಿ ಒಪ್ಪುವುದಿಲ್ಲ. ಓದುವಾಗ ನೋಡಬಾರದು, ಸರಿ. ಪುಸ್ತಕ ಮುಚ್ಚಿದ ಮೇಲೂ ಒಂದು ಪದ ತಲೆಯಲ್ಲಿ ಗುಂಯ್‌ಗುಡುತ್ತಿದ್ದರೆ, ಆ ಒಂದನ್ನು ನೋಡಲಿ. ಓದೊಂದರಿಂದಲೇ ಪದ ಅಂಟುತ್ತದೆಂಬ ಮಾತನ್ನೂ ನಾನು ಪೂರ್ತಿ ನಂಬುವವಳಲ್ಲ. ಜಪಾನಿನ ಕಲಿಯುವವರ ಮೇಲೆಯೇ ರಾಬ್ ವೇರಿಂಗ್ ಮತ್ತು ಜೊತೆಗಾರರೊಬ್ಬರು 2003ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಿದೆ. ಮೆಟ್ಟಿಲು ಪುಸ್ತಕವೊಂದರಲ್ಲಿ 25 ಪದಗಳನ್ನು ಬದಲಿಸಿ, ಯಾರೂ ಕೇಳಿರದ ಹುಟ್ಟಿಸಿದ ಪದ ಹಾಕಿ ಓದಿಸಿದರು. ಓದಿದ ಕೂಡಲೇ ಅರ್ಥ ಬರೆಯಿರಿ ಎಂದಾಗ ಸರಾಸರಿ ನಾಲ್ಕೈದು ಪದ ಬಂದವು. ಮೂರು ತಿಂಗಳ ಮೇಲೆ ಕೇಳಿದರೆ ಸರಾಸರಿ ಒಂದು ಪದವೂ ಪೂರ್ತಿ ಉಳಿದಿರಲಿಲ್ಲ. ಎಂಟಕ್ಕಿಂತ ಕಡಿಮೆ ಸಲ ಎದುರಾದ ಪದಗಳು ನಿಲ್ಲುವುದೇ ಕಷ್ಟವಾಗಿತ್ತು. ಇದನ್ನು ಓದಿ ಕೆಲವರು ಓದಿನಿಂದ ಪ್ರಯೋಜನವಿಲ್ಲ ಎಂದರು. ನನಗೆ ತೋರುವುದು ಬೇರೆ. ಒಂದು ಪುಸ್ತಕ ಸಾಲದು. ನೂರು ಬೇಕು. ಸುಲಭದವು ಬೇಕು, ಏಕೆಂದರೆ ಸುಲಭದ ಪುಸ್ತಕದಲ್ಲೇ ಅದೇ ಪದಗಳು ಬೇರೆ ಬೇರೆ ಸಂಗಡಿಗರ ಜೊತೆ ಎಂಟು, ಹದಿನೆಂಟು, ಎಂಬತ್ತು ಸಲ ಎದುರಾಗುವುದು.

ಆದ್ದರಿಂದ ಕಟ್ಟಿಟ್ಟ ಕಾರ್ಡುಗಳನ್ನು ಎಸೆಯಬೇಡಿ. ದಿನಕ್ಕೆ ಹತ್ತು ನಿಮಿಷ ಅವೂ ಇರಲಿ, ಬರೆಯುವ ರೀತಿ ಮಾತ್ರ ಬದಲಾಗಲಿ. ‘ರೇನ್’ ಎಂದು ಬರೆದು ಹಿಂದೆ ‘ಆಮೆ’ ಎಂದು ಬರೆಯುವ ಬದಲು, ಓದಿದ ಪುಸ್ತಕದಿಂದ ‘ಹೆವಿ ರೇನ್’ ಎಂಬ ಜೋಡಿಯನ್ನೇ ಎತ್ತಿ ಬರೆಯಲಿ. ವಾರಕ್ಕೆ ಐದು ಜೋಡಿ ಸಾಕು. ‘ಎ’, ‘ದಿ’ಗಳ ಬಗ್ಗೆ ಯಾರೂ ಮಾತೆತ್ತಬೇಡಿ. ಜಪಾನಿಯಲ್ಲೂ ಅವಿಲ್ಲ, ಕನ್ನಡದಲ್ಲೂ ಇಲ್ಲ. ಲಕ್ಷ ಲಕ್ಷ ಸಲ ಕಣ್ಣಿಗೆ ಬಿದ್ದು ಎಷ್ಟು ಕೂಡುತ್ತದೋ ಅಷ್ಟು. ನನಗೇ ಇನ್ನೂ ಒಮ್ಮೊಮ್ಮೆ ಕೈಕೊಡುತ್ತವೆ.

ಓದಿದ್ದು ಬಾಯಿಗೆ ಬರುತ್ತದೆಯೇ ಎಂಬುದು ನಿಮ್ಮ ನಿಜವಾದ ಅನುಮಾನ. ತಾನಾಗಿ ಬರುವುದಿಲ್ಲ. ಆಡಿಯೋ ಇರುವ ಪುಸ್ತಕ ತರಿಸಿ, ಓದಿ ಮುಗಿಸಿದ್ದನ್ನೇ ರಾತ್ರಿ ಪಾತ್ರೆ ಒರೆಸುತ್ತಾ ಕೇಳಲಿ, ಜೊತೆಜೊತೆಗೆ ಗುನುಗಲಿ. ಆರೇಳು ತಿಂಗಳು ಹೀಗೆ ಹೊಟ್ಟೆಗೆ ಬಿದ್ದ ಮೇಲೆ ಮಾತಿನ ಕ್ಲಾಸಿಗೆ ಕಳಿಸಿ. ಈಗಲೇ ಕಳಿಸಿದರೆ ಬಾವಿಯಲ್ಲಿ ನೀರಿಲ್ಲದೆ ರಾಟೆಗೆ ಎಣ್ಣೆ ಹಾಕಿದಂತೆ. ಓಸಾಕಾದಲ್ಲಿ ಕಲಿಸುತ್ತಿದ್ದ ಬೆನಿಕೊ ಮೇಸನ್ ಅವರು 1997ರಲ್ಲಿ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ ಜೊತೆ ಪ್ರಕಟಿಸಿದ ಅಧ್ಯಯನ ನನಗೆ ಇವತ್ತಿಗೂ ಇಷ್ಟ. ಇಂಗ್ಲಿಷಿನಲ್ಲಿ ಫೇಲಾಗಿ ಮತ್ತೆ ಅದೇ ಕೋರ್ಸಿಗೆ ಬಂದು ಕೂತ ಹುಡುಗರ ಕೈಗೆ ಸುಲಭದ ಪುಸ್ತಕ ಕೊಟ್ಟರು, ಅಷ್ಟೇ. ಒಂದು ಸೆಮಿಸ್ಟರ್ ಮುಗಿಯುವಾಗ ಅವರು ಮಾಮೂಲಿ ತರಗತಿಯವರ ಹತ್ತಿರ ಹತ್ತಿರ ಬಂದಿದ್ದರು. ಇಂಗ್ಲಿಷ್ ಕಂಡರೆ ಓಡುತ್ತಿದ್ದ ಹುಡುಗರಿಗೆ ಓದುವುದು ಇಷ್ಟವಾಗತೊಡಗಿತ್ತೆಂಬುದು ನನಗೆ ಅಂಕಕ್ಕಿಂತ ಮುಖ್ಯ.

ಇನ್ನು ನಿಮಗೊಂದು ಮಾತು, ಅಕ್ಕನೆಂದು ತಿಳಿದು ಕೇಳಿಸಿಕೊಳ್ಳಿ. ಕಪ್ಪೆಗೆ ಬರೆದುಕೊಡುತ್ತೀರಾ ಎಂದಿರಲ್ಲ, ಅದು ಕನ್ನಡದಲ್ಲಿ ಕುಚೋದ್ಯ, ಜಪಾನಿಯಲ್ಲಿ ಚುಚ್ಚಿರುತ್ತದೆ. ಒಮ್ಮೆ ಬಾಯಿಬಿಟ್ಟು ತಪ್ಪಾಯಿತೆನ್ನಿ. ನೀವು ಜಪಾನಿ ಕಲಿಯುವಾಗ ಅವರು ಪ್ರತಿ ವಾಕ್ಯಕ್ಕೂ ತಡೆದು ತಿದ್ದುತ್ತಿದ್ದರೇ? ತಿದ್ದಿದ್ದರೆ ನೀವು ಇಷ್ಟು ಚೆನ್ನಾಗಿ ಕಲಿಯುತ್ತಿರಲಿಲ್ಲ. ಮನೆಯಲ್ಲಿ ಅವರ ಮೇಷ್ಟ್ರಾಗುವುದನ್ನು ಇವತ್ತಿನಿಂದ ಬಿಡಿ. ತಪ್ಪು ಕೇಳಿದರೆ, ಸರಿಯಾದ ಮಾತನ್ನು ನಿಮ್ಮ ಮುಂದಿನ ವಾಕ್ಯದಲ್ಲಿ ಸುಮ್ಮನೆ ಆಡಿ ಮುಂದೆ ಹೋಗಿ. ಅವರು ಓದುವಾಗ ಪಕ್ಕದಲ್ಲಿ ಕೂತು ನೀವೂ ಒಂದು ಕನ್ನಡ ಪುಸ್ತಕ ಹಿಡಿಯಿರಿ. ಏಳು ವರ್ಷದಲ್ಲಿ ಎಷ್ಟು ಕನ್ನಡ ಪುಸ್ತಕ ಓದಿದಿರಿ ಎಂದು ನಾನು ಕೇಳುವುದಿಲ್ಲ.

ಭಾನುವಾರದ ಫೋನಿಗೆ ಒಂದು ಉಪಾಯ. ಈಗ ಮಾವನೂ ಅಳಿಯನೂ ಮಾತಾಡುವುದು ಹವಾಮಾನ, ಊಟ, ಆರೋಗ್ಯ. ಎರಡು ನಿಮಿಷಕ್ಕೆ ಮುಗಿಯುತ್ತದೆ, ಆಮೇಲೆ ಮೌನ. ಅವರಿಬ್ಬರ ನಡುವೆ ಒಂದು ಪುಸ್ತಕ ಇಡಿ. ಎಂಟು ಹತ್ತು ತಿಂಗಳ ಮೇಲೆ, ಮೆಟ್ಟಿಲು ಪುಸ್ತಕಗಳು ನೀರು ಕುಡಿದಷ್ಟು ಸಲೀಸಾದಾಗ, ಆರ್.ಕೆ. ನಾರಾಯಣರ ‘ಮಾಲ್ಗುಡಿ ಡೇಸ್’ನ ಎರಡು ಪ್ರತಿ ತರಿಸಿ, ಒಂದು ಕವಾಸಾಕಿಗೆ, ಒಂದು ತೀರ್ಥಹಳ್ಳಿಗೆ. ಚಿಕ್ಕ ಕತೆಗಳು, ನೇರವಾದ ವಾಕ್ಯ. ಮೈಸೂರಿನಲ್ಲಿ ಕೂತು ಬರೆದ ಇಂಗ್ಲಿಷು, ಅಳಿಯ ಬಂದು ಬದುಕಬೇಕಾದ ಊರುಗಳ ಮಾತಿಗೆ ಅದೇ ಹತ್ತಿರದ್ದು. ತಿಳಿಯದ ಧೋತ್ರ, ಜಟಕಾ, ಜ್ಯೋತಿಷಿಗಳಿಗೆ ನಿಘಂಟು ಬೇಡ, ನೀವಿದ್ದೀರಿ. ಮೇಲಾಗಿ ಶಂಕರ್ ನಾಗ್ ಅದನ್ನು ಟಿ.ವಿ.ಗೆ ತಂದಾಗ ಚಿತ್ರೀಕರಣ ನಡೆದದ್ದು ಪಕ್ಕದ ಆಗುಂಬೆಯಲ್ಲಿ. ಆ ದಿನಗಳ ಕತೆಯನ್ನು ಅಲ್ಲಿಯ ಹಿರಿಯರು ಈಗಲೂ ಹೇಳುತ್ತಾರೆ. ನಿಮ್ಮ ಅಪ್ಪನ ಹತ್ತಿರ ಒಂದಾದರೂ ಇಲ್ಲದಿರುತ್ತದೆಯೇ? ವಾರಕ್ಕೊಂದು ಕತೆ ಇಬ್ಬರೂ ಓದಲಿ, ಭಾನುವಾರ ಅದರ ಮಾತಾಡಲಿ.

ಒಂದೇ ಎಚ್ಚರಿಕೆ. ಅಪ್ಪನಿಗೆ ಮೊದಲೇ ಫೋನ್ ಮಾಡಿ ಹೇಳಿಬಿಡಿ: ಕತೆ ಮುಗಿದ ಮೇಲೆ ಅಳಿಯನಿಗೆ ಪ್ರಶ್ನೋತ್ತರ ಕೇಳುವಂತಿಲ್ಲ. ನಿವೃತ್ತ ಮೇಷ್ಟ್ರುಗಳನ್ನು ನಾನು ಬಲ್ಲೆ.